ಹನ್ನೊಂದನೇ ನಂಬರಿನ ಮೀಟರು

ಅಂಗಡಿಯ ಬೋರ್ಡು ನಾನು ಓದುವುದಿಲ್ಲ.
ಬಾಗಿಲ ಹಿಂದೆ, ಮೆಟ್ಟಿಲ ಕೆಳಗೆ,
ಜೇಡ ಕಟ್ಟಿದ ಪೆಟ್ಟಿಗೆಯೊಳಗಿನ ಅಂಕಿ ಓದುತ್ತೇನೆ.
ತ್ಬಿಲಿಸಿಯ ಹಳೇ ಚುಗುರೇತಿಯಲ್ಲಿ ಹತ್ತೊಂಬತ್ತು ವರ್ಷದಿಂದ
ತಿಂಗಳಿಗೊಮ್ಮೆ ಒಂದು ಟಾರ್ಚು, ಒಂದು ಪುಸ್ತಕ, ನಾನು.

ಒಂಬತ್ತನೇ ನಂಬರಿನಲ್ಲಿ ಮೊದಲು ಗುಂಡಿ, ದಾರ, ಜಿಪ್ಪು.
ಆಮೇಲೆ ಫೋನು ರಿಪೇರಿ.
ಆಮೇಲೆ ಎರಡು ಚಳಿಗಾಲ ಬರೀ ಬೀಗ.
ಈಗ ಸಾಕುನಾಯಿಗಳಿಗೆ ಕ್ಷೌರ.
ಕನ್ನಡಿ ಮಾತ್ರ ಅದೇ. ಗುಂಡಿಯಂಗಡಿಯ ಲಿಯಾನಾ
ಮದುಮಗಳ ಕೊರಳಿಗೆ ಲೇಸು ಹಿಡಿದು
ತೋರಿಸುತ್ತಿದ್ದ ಕನ್ನಡಿ.
ಈಗ ಅದರಲ್ಲಿ ಒಂದು ಪೂಡಲ್ ತನ್ನನ್ನು ತಾನೇ ನೋಡಿ
ನಂಬದೆ ಬೊಗಳುತ್ತದೆ.

ಹದಿನೈದು ಚಪ್ಪಲಿಯಂಗಡಿಯಾಗಿತ್ತು, ಔಷಧದಂಗಡಿಯಾಯಿತು.
ಎದುರಿಗಿನದೂ ಔಷಧದಂಗಡಿ, ಮೂಲೆಯದೂ.
ಕಾಯಿಲೆ ಮಾತ್ರ ಮೊದಲಿದ್ದಷ್ಟೇ ಇದೆ.

ಹದಿಮೂರಕ್ಕೆ ಆರು ಮೆಟ್ಟಿಲು ಇಳಿಯಬೇಕು.
ಬಿಸಿ ಮುಖಕ್ಕೆ ರಾಚುತ್ತದೆ.
ನೋದಾರಿ ಬಾವಿಯಂಥ ಒಲೆಯೊಳಕ್ಕೆ ಸೊಂಟದವರೆಗೆ ಬಾಗಿ
ಗೋಡೆಗೆ ಹಿಟ್ಟು ಅಂಟಿಸಿ ಮೇಲೇಳುವಾಗ
ಮುಳುಗು ಹಾಕಿ ಬಂದವನ ಹಾಗೆ ಉಸಿರು ಬಿಡುತ್ತಾನೆ.
"ಎಷ್ಟು ಓಡಿದೆ, ನಾನುಲಿ?"
ಹೇಳುತ್ತೇನೆ.
"ನನ್ನ ಕಾಲಿಗಿಂತ ಚುರುಕು ನಿನ್ನ ಮೀಟರು!"
ಹಿಟ್ಟು ನಾದುವ ಯಂತ್ರ ಬಂದಾಗಿನಿಂದ ಅದೇ ಮಾತು.
ದೋಣಿಯಂಥ ರೊಟ್ಟಿಯ ಮೂತಿ ಮುರಿದು ಕೈಗಿಡುತ್ತಾನೆ,
ಸುಡುತ್ತದೆ, ಬಿಡಲಾಗುವುದಿಲ್ಲ.

ಮೂರನೇ ಮಹಡಿಯಿಂದ ತ್ಸಿಯಾಲಾಳ ಬುಟ್ಟಿ ಹಗ್ಗದಲ್ಲಿ ಇಳಿದು ಬರುತ್ತದೆ.
ಒಳಗೆ ಎರಡು ನಾಣ್ಯ, ಜೊತೆಗೆ ಮೇಲಿನಿಂದ ಒಂದು ಬೈಗುಳ,
ನಿನ್ನೆಯದು ಕರಕಲು ಅಂತ.
ಈಚೆಗೆ ಅದು ಸ್ಕೂಟರಿನ ಹುಡುಗರ ತಲೆಯ ಮೇಲೂ ಇಳಿಯುತ್ತದೆ.
ಅವರಿಗೆ ಅಭ್ಯಾಸವಿಲ್ಲ. ಹೆಲ್ಮೆಟ್ಟು ಎತ್ತಿ ನೋಡುತ್ತಾರೆ
ಆಕಾಶವೇ ಏನೋ ಸಾಲ ಕೇಳಿದ ಹಾಗೆ.

ಹನ್ನೊಂದು, ಗಡಿಯಾರದ ಮುರ್ಮಾನನದು.
ಹೋದ ದ್ರಾಕ್ಷಿ ಕೊಯ್ಲಿನಲ್ಲಿ ಮುಚ್ಚಿದ.
ವೈನಿನ ಬಾರು ಬರುತ್ತದಂತೆ, ಬಾಡಿಗೆ ಮೂರು ಪಟ್ಟಂತೆ.
ಗಾಜಿಗೆ ಒಳಗಿನಿಂದ ಹಳೇ ಪತ್ರಿಕೆ ಅಂಟಿಸಿತ್ತು.
ಅಕ್ಟೋಬರಿನಲ್ಲಿ ನಾಲ್ಕು ಯೂನಿಟ್. ನವೆಂಬರಿನಲ್ಲಿ ನಾಲ್ಕು.
ಮುಚ್ಚಿದ ಜಾಗದಲ್ಲಿ ಕರೆಂಟು ಓಡಿದರೆ
ಬರೆದು ತಿಳಿಸಬೇಕೆಂದು ನಿಯಮ, ಪುಸ್ತಕದ ಹಿಂದೆಯೇ ಅಚ್ಚಾಗಿದೆ.

ಡಿಸೆಂಬರಿನ ಒಂದು ಸಂಜೆ ಪತ್ರಿಕೆಯ ಹರಿದ ಮೂಲೆಯಲ್ಲಿ
ಕಣ್ಣಿಟ್ಟೆ.
ಕೋಟು ಹಾಕಿಕೊಂಡೇ ಕೂತಿದ್ದ. ಒಂದು ಬಲ್ಬು.
ಯಾರೂ ವಾಪಸು ಒಯ್ಯದ ಗಡಿಯಾರಗಳಿಗೆ
ಒಂದೊಂದಾಗಿ ಕೀ ಕೊಡುತ್ತಿದ್ದ.
ಗಂಟೆ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.
ತಾಳೆ ಮಾಡುವ ಅವಸರವೂ ಅವನಿಗಿದ್ದಂತಿರಲಿಲ್ಲ.

ಸೊನ್ನೆ ಬರೆದೆ.
ಆ ನಾಲ್ಕನ್ನು ಮೇಲಿನವರ ಮೆಟ್ಟಿಲ ದೀಪದ ಲೆಕ್ಕಕ್ಕೆ ಸೇರಿಸಿದೆ.
ಮೆಟ್ಟಿಲ ದೀಪ ಕೆಟ್ಟು ಆಗಲೇ ಎರಡು ವರ್ಷ.

ತ್ಸಿಯಾಲಾ ಬಿಲ್ಲು ಹಿಡಿದು ಕತ್ತಲಲ್ಲಿ ಗೋಡೆ ತಡವುತ್ತ
ಇಳಿದೇ ಬಂದಳು, ಮಂಡಿನೋವಿನಲ್ಲಿ, ಅಷ್ಟೂ ಮಹಡಿ.
"ಉರಿಯದ ದೀಪಕ್ಕೆ ನಾಲ್ಕು ಯೂನಿಟ್ಟೇ?"
ನಾನು ಏನೂ ಹೇಳಲಿಲ್ಲ. ಹನ್ನೊಂದರ ಕಡೆ ನೋಡಿದೆ.
ಅವಳೂ ನೋಡಿದಳು.
ಪತ್ರಿಕೆಯ ಹಿಂದೆ ಹಳದಿ, ಒಂದು ಅಂಗೈಯಷ್ಟು.
"ಸರಿ ಬಿಡು," ಅಂದಳು, "ದೀಪ ಅಂದ ಮೇಲೆ ಉರಿಯುತ್ತೆ."
ಮತ್ತೆ ಗೋಡೆ ಹಿಡಿದು ಹತ್ತಿದಳು, ದಾರಿಯುದ್ದಕ್ಕೂ
ಪೂಡಲ್ಲಿನ ವಂಶವನ್ನು ಶಪಿಸುತ್ತ.

ಮಾರ್ಚಿಗೆ ಹೊಸ ಮೀಟರು ಬರುತ್ತವೆ.
ತಮ್ಮನ್ನು ತಾವೇ ಓದಿಕೊಂಡು
ತಾವೇ ಕಚೇರಿಗೆ ಹೇಳುತ್ತವಂತೆ, ಗಂಟೆಗೊಮ್ಮೆ.
ಪಾಪ, ಅವಕ್ಕೆ ಸುಳ್ಳು ಬರುವುದಿಲ್ಲ.

ಇವತ್ತು ಹನ್ನೊಂದರಲ್ಲಿ ಐದು ಬಂತು.
ಹಗಲು ಮೋಟು, ಕತ್ತಲು ಬೇಗ, ಸಹಜವೇ.
ಸೊನ್ನೆ ಬರೆದೆ, ದುಂಡಗೆ,
ರೊಟ್ಟಿಯ ಹಿಟ್ಟು ಇನ್ನೂ ಮೆತ್ತಿದ್ದ ಬೆರಳಿನಲ್ಲಿ.