ಕಚ್ಚು ಹಾಕಿದ ಕೋಲು

ಪೀಲ್ ನದಿಯ ದಂಡೆಯಲ್ಲಿ, ಆಗಸ್ಟ್ ಕೊನೆಗೆ,
ಜಿಜೂ ಡೋರ್ಕಸ್, ನನ್ನಜ್ಜಿ,
ನೆಲಕ್ಕೆ ಕೋಲು ಚುಚ್ಚುತ್ತಾಳೆ ಪ್ರತಿ ವರ್ಷ.
ಟಕ್ ಎಂದು ಮಂಜುಗಡ್ಡೆ ತಡೆದಲ್ಲಿ
ಹೆಬ್ಬೆರಳಿಟ್ಟು ಗುರುತು ಹಿಡಿದು
ಚಾಕುವಿನಿಂದ ಒಂದು ಕಚ್ಚು.

ಅಮ್ಮ ಹುಟ್ಟಿದ ವರ್ಷದ ಕಚ್ಚು ಮೊಣಕಾಲಿಗಿಂತ ಕೆಳಗೆ.
ನನ್ನದು ಮೊಣಕಾಲಿನ ಮೇಲೆ ನಾಲ್ಕು ಬೆರಳು.
ಮೊನ್ನೆ ಕೋಲು ಪೂರ್ತಿ ಇಳಿಯಿತು.
ಟಕ್ ಅನ್ನಲಿಲ್ಲ.
ಅವಳ ಮುಷ್ಟಿ ಬೂದಿಗೆ ತಾಗಿ ನಿಂತಿತು,
ಬಾಗಿಲು ಬಡಿಯಲು ಹೋಗಿ
ಬಾಗಿಲೇ ಇಲ್ಲದ್ದು ಕಂಡವಳಂತೆ.

ಹೋದ ಬೇಸಿಗೆ ಅಲ್ಲಿ ಹನ್ನೊಂದು ದಿನ ಸ್ಪ್ರೂಸ್ ಕಾಡು ಉರಿಯಿತು.
ಆರಿಸುವ ತಂಡದಲ್ಲಿ ನಾನೂ ಇದ್ದೆ:
ಹಳದಿ ಅಂಗಿ, ಬೆನ್ನಿಗೆ ಪಂಪು,
ವಿಮಾನದಿಂದ ಸುರಿವ ಕೆಂಪು ನೀರು.
ಮರಕ್ಕಾಗಿ ಅವಳು ಅಳಲಿಲ್ಲ.
ಮರ ಬರುತ್ತದೆ, ಅಂದಳು,
ಮೊದಲು ನೇರಳೆ ಹೂವು, ಆಮೇಲೆ ವಿಲ್ಲೋ,
ವಿಲ್ಲೋ ತಿನ್ನಲು ಮೂಸ್.
ಹಾವಸೆ ಉರಿಯಿತಲ್ಲ ಮಗಳೇ,
ಮಂಜಿನ ಮೈಮೇಲಿನ ಕಂಬಳಿ ಅದು.
ಸಾವಿರ ವರ್ಷ ನಿದ್ದೆಹೋದವರ ಕಂಬಳಿ ಎಳೆದರೆ
ಎದ್ದು ಕೂರದೆ ಇನ್ನೇನು ಮಾಡುತ್ತಾರೆ?

ಬೆಂಕಿ ಬಿದ್ದಾಗ ಬಾವಿ ತೋಡುವವರು ಇರುತ್ತಾರಂತೆ.
ನಮಗೆ ಆ ಕಷ್ಟವೂ ಇಲ್ಲ:
ಬೆಂಕಿ ಹೋದ ಮೇಲೆ ನೆಲವೇ ಬಾವಿ.
ಏಬೆಲನ ಹೊಗೆಗುಡಿಸಲು ಒಂದು ಮಗ್ಗುಲಿಗೆ ಕುಸಿದು
ತೂಗುಹಾಕಿದ ಮೀನೆಲ್ಲ ಒಂದೇ ಮೂಲೆಗೆ ಜಾರಿವೆ.
ಚರ್ಚಿನ ಹಿಂದೆ ಶಿಲುಬೆಗಳು ಒಂದಕ್ಕೊಂದು ಒರಗಿ
ಏನೋ ಗುಟ್ಟು ಹೇಳುತ್ತಿವೆ.
ಮಾಂಸ ಇಡುತ್ತಿದ್ದ ನೆಲಮಾಳಿಗೆಯಲ್ಲಿ ನೀರು.
ಒಂದು ಕಪ್ಪೆ.

ಅವಳು ಚಿಕ್ಕವಳಿದ್ದಾಗ, ಏಪ್ರಿಲಿನಲ್ಲಿ,
ಕಾಡಿನ ನೆರಳಲ್ಲಿ ಇನ್ನೂ ಹಿಮ ಇರುವಾಗಲೇ
ಹೊಳೆಯಂಚಿನ ಒಣಹುಲ್ಲಿಗೆ ಅವಳಪ್ಪನೇ ಕಿಡಿ ಇಡುತ್ತಿದ್ದ.
ಬೆಂಕಿ ಹುಲ್ಲು ಮೇಯುತ್ತ ಹೋಗಿ
ಹಿಮದ ಬೇಲಿ ಮುಟ್ಟಿ
ಹಿಂದೆ ಮುಂದೆ ನೋಡಿ ಮಲಗುತ್ತಿತ್ತು.
ಆಮೇಲೆ ಅದು ಅಪರಾಧವಾಯಿತು.
ಅಧಿಕಾರಿ ಬೆಂಕಿಪೆಟ್ಟಿಗೆ ಕಿತ್ತುಕೊಂಡ,
ದಂಡ ಇಪ್ಪತ್ತು ಡಾಲರ್, ಎರಡು ತೊಗಲಿನ ಬೆಲೆ.
ಅಂದಿನಿಂದ ಹುಲ್ಲು ಒಣಗುತ್ತ
ಕಾಯುತ್ತ.

ಫೆಬ್ರವರಿ. ಮೈನಸ್ ನಲವತ್ತು.
ಸುಟ್ಟ ಕಾಡಿನ ಅಂಚಿನಲ್ಲಿ ಏಳು ಹಿಮಕೋಳಿಗಳು
ಒಂದೇ ಕಡೆ ಗುಂಪುಗೂಡಿ ಕೂತಿದ್ದವು,
ಎದ್ದು ಹೋಗುವ ಮನಸ್ಸಿಲ್ಲದೆ.
ಅವಳು ಜಾರುಬಂಡಿ ನಿಲ್ಲಿಸಿ, ಕೈಗವಸು ಕಳಚಿ,
ಹಿಮದ ಮೇಲೆ ಅಂಗೈ ಇಟ್ಟಳು,
ಜ್ವರದ ಮಗುವಿನ ಹಣೆ ಮುಟ್ಟುವಂತೆ.
ಇಲ್ಲಿದೆ.

ಅಗೆದೆವು.
ಬೂದಿ ಮುಚ್ಚಿದ ಕೆಂಡ,
ಬೂದಿಯ ಮೇಲೆ ಮೂರಡಿ ಹಿಮ ಮುಚ್ಚಿದ ಕೆಂಡ,
ಚಳಿಗಾಲವಿಡೀ ಬೇರು ತಿಂದು ಬದುಕಿತ್ತು.
ಉಪಗ್ರಹಕ್ಕೆ ಕಾಣದ್ದು
ಹಕ್ಕಿಗಳ ಕಾಲಿಗೆ ಗೊತ್ತಿತ್ತು.
ಕೊಡಲಿಯಿಂದ ಕಡಿದು, ಹಿಮ ಬೆರೆಸಿ ಕಲಸಿ,
ಕತ್ತಲಾಗುವ ತನಕ ತುಳಿದೆವು.
ಎಲ್ಲ ಮುಗಿದ ಮೇಲೆ ಅವಳು
ಉಳಿದ ಒಂದೇ ಕಿಡಿಗೆ ಒಣಮೀನಿನ ಚೂರು ಹಾಕಿದಳು.
ಇದಕ್ಕೂ ಊಟವೇ? ಎಂದೆ.
ಹಸಿದು ಮಲಗಿದವರು ಬೇಗ ಏಳುತ್ತಾರೆ, ಅಂದಳು,
ಅದರ ಮೇಲೂ ಬೂಟು ಇಟ್ಟಳು.

ಈ ಏಪ್ರಿಲಿಗೆ ಪರವಾನಗಿ ಬಂದಿದೆ,
ಮೂರು ಪುಟ, ಕೆಳಗೆ ನನ್ನ ಸಹಿ.
ಜೇಬಿನಲ್ಲಿ ಬೆಂಕಿಪೆಟ್ಟಿಗೆ ಗಲಗಲ ಅನ್ನುತ್ತದೆ.
ಕೋಲು ಕೊಡು ಜಿಜೂ, ಈ ಸಲ ನಾನೇ ಅಳೆಯುತ್ತೇನೆ, ಎಂದರೆ
ಕೊಡಲಿಲ್ಲ.
ವಿಲ್ಲೋ ಪೊದೆಯ ಕಡೆ ಗಲ್ಲ ತೋರಿಸಿದಳು:
ನಿನ್ನದನ್ನು ನೀನೇ ಕಡಿದುಕೋ.
ಇದಕ್ಕಿಂತ ಉದ್ದದ್ದು.