ಎಡಕ್ಕೆ ತಿರುಗುವ ಸದ್ದು

ಕೌಲ್ ಬಜಾರಿನ ಆ ಮನೆಯಲ್ಲಿ
ಕೆಳಗೆ ಏಳು ಹೊಲಿಗೆ ಮಷಿನು, ಮಾಳಿಗೆ ಮೇಲೆ ಎಪ್ಪತ್ತು ಹಕ್ಕಿ.
ಜೀನ್ಸ್ ಕತ್ತರಿಸಿ ಕತ್ತರಿಸಿ ಹುಸೇನಪೀರಾನ ಬೆರಳು
ಉಗುರಿನ ಸಂದಿಯವರೆಗೂ ನೀಲಿ.
ಆ ನೀಲಿ ಬೆರಳ ಮೇಲೇ ಕೂತು ಇಳಿದು ಬಂತು
ನಮ್ಮದಾಗಲಿರುವ ಕಾಕಟೀಲ್, ಅದೂ ಗಿಳಿಯ ಜಾತಿಯೇ:
ಮೈಯೆಲ್ಲ ಒಲೆಬೂದಿ, ಜುಟ್ಟು ಹಳದಿ,
ಎರಡೂ ಕೆನ್ನೆಗೆ ಅರಿಸಿನಕ್ಕೆ ಸುಣ್ಣ ಸೋಕಿದ ಕೆಂಪು.

“ಹಸರು ಗಿಣಿ ಕೇಳಬ್ಯಾಡ್ರಿ ಅಕ್ಕಾರ, ಅದು ಕಾಡಿನ ಸೊತ್ತು.
ಇದು ಇಲ್ಲೇ, ನನ್ನ ಮಾಳಿಗ್ಯಾಗ ತತ್ತಿ ಒಡದದ್ದು.”
ಆಮೇಲೆ ಅವನು ಹೇಳಿದ್ದೆಲ್ಲ ಕಾರಿನ ಮಾತು:
ನೀರಿನ ಬಟ್ಟಲ ತಗೀರಿ, ಸೌತಿಕಾಯಿ ಹೋಳಿಡ್ರಿ.
ಉಯ್ಯಾಲಿ ಬಿಚ್ರಿ, ತಲಿಗೆ ಬಡಿತೈತಿ.
ಮುಂದಿನ ಸೀಟು ಬ್ಯಾಡ. ಸೆಂಟು ಬ್ಯಾಡ.
ಬಿಸಲಾಗ ಬಿಟ್ಟು ಚಾಕ್ಕ ಇಳೀಬ್ಯಾಡ್ರಿ.
ಹಾರ್ನು ಮಾತ್ರ...
ಅಂದವನು ಸಿರುಗುಪ್ಪದ ರಸ್ತೆ ನೆನೆದು
ನಕ್ಕು ಸುಮ್ಮನಾದ.

ಪಂಜರಕ್ಕೊಂದು ಗವಸು ಕೊಟ್ಟ, ಉಳಿಕೆ ಜೀನ್ಸಿನದು,
ಮೂರು ಬದಿ ಮುಚ್ಚುವಂಥದ್ದು.
ಅದರಲ್ಲೊಂದು ಕಾಜಾ, ಗುಂಡಿಯಿಲ್ಲದ್ದು.

ಇನ್ನು ನನ್ನ ಮಾತು.
ಲೈಸೆನ್ಸ್ ಬಂದು ಹನ್ನೊಂದು ತಿಂಗಳು.
ಹನ್ನೊಂದು ತಿಂಗಳೂ ನನ್ನ ಎಡಕ್ಕೆ ಕೂತು
ಪಂಪಾಪತಿ ಕೂಗಿದ್ದಾನೆ:
ಬ್ರೇಕ್! ಎಡಕ್ಕ! ಲಾರಿ! ಲಾರಿ ನೋಡ!
ಅವನು ಕೂಗಿದಾಗಲೇ ನನ್ನ ಕೈ ತಪ್ಪುವುದು,
ಕೈ ತಪ್ಪಿದ್ದಕ್ಕೇ ಅವನು ಕೂಗುವುದು.
ಇವತ್ತು ಹಿಂದೆ ಕೂತಿದ್ದಾನೆ.
ಬೆಲ್ಟಿನೊಳಗೆ ಪಂಜರ, ಪಂಜರದ ಸುತ್ತ ಅವನ ತೋಳು,
ಆಸ್ಪತ್ರೆಯಿಂದ ಹಸುಗೂಸು ತರುವವನ ಹಾಗೆ.
ಕೂಗುವಂತಿಲ್ಲ. ಹಕ್ಕಿಯ ಗುಂಡಿಗೆ ಅವರೆಕಾಳಿನಷ್ಟು.

ಕೋಳೂರು ದಾಟಿತು. ತೆಕ್ಕಲಕೋಟೆಯ ಬಂಡೆಗಳು
ಬಿಸಿಲು ಕಾಯಲು ಆಗಷ್ಟೇ ಎದ್ದು ಕೂತಿದ್ದವು.
ಒಂದೊಂದು ಹಂಪಿನಲ್ಲೂ ಕಾರನ್ನು
ತುಂಬಿದ ಕೊಡದಂತೆ ಇಳಿಸಿದೆ.
ಹಿಂದಿನಿಂದ ಪಿಸುಮಾತು: “ಲಾರಿ...”
ದೇವರ ಮನೆಯಲ್ಲಿ ಮಂತ್ರ ಹೇಳಿದಷ್ಟು ಮೆಲ್ಲಗೆ.
“ನೋಡೀನಿ” ಅಂದೆ, ನಾನೂ ಅಷ್ಟೇ ಮೆಲ್ಲಗೆ.
ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ
ನಾವು ಹೀಗೆ ಮಾತಾಡಿದ್ದು
ಮನೆಯಲ್ಲಿ ತೊಟ್ಟಿಲಿದ್ದಾಗ ಮಾತ್ರ.

ಸಿರುಗುಪ್ಪದಲ್ಲಿ ಮಿಲ್ಲುಗಳ ಕುದಿಸಿದ ಭತ್ತದ ವಾಸನೆ.
ಬೇವಿನ ನೆರಳಿಗೆ ನಿಲ್ಲಿಸಿ ಚಾ ಕುಡಿದೆವು,
ಒಬ್ಬರಾದ ಮೇಲೊಬ್ಬರು.
ನನ್ನ ಸರದಿ ಮುಗಿಸಿ ಬಂದಾಗ
ಕಾಜಾದಲ್ಲಿ ಒಂದು ಕಣ್ಣು, ಕರಿ ಮೆಣಸಿನ ಕಾಳು,
ಅದರೆದುರು ಕನ್ನಡಕದ ಹಿಂದೆ ಪಂಪಾಪತಿಯ ಕಣ್ಣು.
ಇಬ್ಬರೂ ನನ್ನನ್ನು ಗಮನಿಸಲಿಲ್ಲ.

ದಢೇಸುಗೂರಿನ ಸೇತುವೆ ಇಳಿಯುತ್ತಲೇ
ಗದ್ದೆಯ ಮೇಲಿಂದ ಎದ್ದವು
ಹಸಿರು ಗಿಳಿಗಳು, ಮೂವತ್ತೋ ನಲವತ್ತೋ,
ಯಾರೋ ಡಬ್ಬಿ ಬಡಿದದ್ದಕ್ಕೆ ಬೈಯುತ್ತ.
ಪಂಜರದಲ್ಲಿ ಜುಟ್ಟು ನೆಟ್ಟಗಾಯಿತು.
ಅವು ಇದರ ನೆಂಟರಲ್ಲ, ಭಾಷೆಯೂ ಬೇರೆ,
ಇದು ಆಕಾಶವನ್ನು ಕಂಡದ್ದು ಮಾಳಿಗೆಯ ಕಿಟಕಿಯಷ್ಟೇ ಅಗಲ.
ಆದರೂ ಸಿಂಧನೂರಿನ ಮೊದಲ ಮಿಲ್ಲಿನ ಚಿಮಣಿ ಬರುವವರೆಗೂ
ಆ ಜುಟ್ಟು ಇಳಿಯಲಿಲ್ಲವಂತೆ.
ಪಂಪಾಪತಿ ಇದನ್ನು ಹೇಳಿದ್ದು ರಾತ್ರಿ,
ಲೈಟು ಆರಿಸಿದ ಮೇಲೆ.

“ಗಿಣಿ ಅಂದ್ರಿ, ಬೂದಿ ಬಡಕೊಂಡೈತಲ್ಲ” ಅಂದಳು ಅತ್ತೆ,
ಆದರೂ ದಿನಾ ಎದುರು ಕೂತು “ಶಿವಾ ಶಿವಾ” ಕಲಿಸಿದಳು.
ಇಪ್ಪತ್ತು ದಿನ ಅದು ಕೊಕ್ಕು ಬಿಚ್ಚಲಿಲ್ಲ.
ಇಪ್ಪತ್ತೊಂದನೆಯ ದಿನ, ಒಗ್ಗರಣೆಯ ಸದ್ದಿನ ನಡುವೆ
ಕೇಳಿತು: ಟಿಕ್-ಟಕ್, ಟಿಕ್-ಟಕ್,
ನನ್ನ ಕಾರಿನ ಇಂಡಿಕೇಟರು,
ಸವೆದ ಆ ಟಕ್ ಸಮೇತ.
ಸೌಟು ಹಿಡಿದ ಕೈ ತಾನೇ ಎಡಕ್ಕೆ ವಾಲಿತು.

ಈಗ ಮೊಳೆಯಿಂದ ಕೀಲಿ ತೆಗೆದರೆ ಸಾಕು
ಅದು ಶುರು ಮಾಡುತ್ತದೆ.
ಹೊಸ್ತಿಲಲ್ಲಿ ಚಪ್ಪಲಿ ಹುಡುಕುವ ಪಂಪಾಪತಿ
ಏನೂ ಅನ್ನದೆ ಹೋಗಿ
ಹಿಂದಿನ ಬಾಗಿಲು ತೆಗೆಯುತ್ತಾನೆ.