ಬೂದಿಗೊಂದು ಅಂಗಳ

ಉಲಾನ್‌ಬಾತರಿನ ಬಡಗಣ ಬೆನ್ನಿಗೆ, ಬೋಳುಗುಡ್ಡದ ಸಂದಿನಲ್ಲಿ
ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು
ತಿಪ್ಪೆ ಸಾರಿಸುವ ಕೆಲಸ.
ಬೈಗುಳವಲ್ಲ, ಹುದ್ದೆ.
ಸಂಜೆಯಾದರೆ ಆ ದಿನದ ಕಸದ ಮೇಲೆ
ಒಂದು ಗೇಣು ಮಣ್ಣು. ನಿಯಮ.
ಹದ್ದು ಎರಗದ ಹಾಗೆ, ನಾಯಿ ಕೆದರದ ಹಾಗೆ,
ಪ್ಲಾಸ್ಟಿಕ್ಕು ಎದ್ದು ಊರಿಗೆ ಮರಳದ ಹಾಗೆ.

ಆದರೆ ಮಣ್ಣೆಲ್ಲಿ? ಅಕ್ಟೋಬರ್ ಕಳೆದರೆ
ನೆಲ ಆಳುದ್ದಕ್ಕೂ ಹೆಪ್ಪುಗಟ್ಟುತ್ತದೆ,
ಹಾರೆ ಹಾಕಿದರೆ ಗಂಟೆಯ ಸದ್ದು.
ಬೇಸಿಗೆಯಲ್ಲೇ ಚಳಿಗಾಲದ ಮಣ್ಣನ್ನು ಒಟ್ಟಿ,
ಟಾರ್ಪಾಲು ಹೊದಿಸಿ, ಲೆಕ್ಕ ಬರೆದು ಇಡಬೇಕು,
ಉಳಿದವರು ಒಣಮಾಂಸ ಕೂಡಿಡುವ ಹಾಗೆ.

ಮೇಜಿನ ನಕ್ಷೆಯಲ್ಲಿ ಗುಂಡಿ ಇನ್ನೂ ಗಾಳಿ.
ನಾವು ಮಾರುವುದೂ ಗಾಳಿಯನ್ನೇ:
ನಾಲ್ಕನೇ ಗುಂಡಿ, ನಲವತ್ತು ಲಕ್ಷ ಘನಮೀಟರು ಖಾಲಿತನ,
ಅಡಿಗೆ ಜೇಡಿ, ಜೇಡಿಯ ಮೇಲೆ ಕರಿ ಹಾಳೆ,
ಹಾಳೆಯ ಮೇಲೆ ಜಲ್ಲಿ, ಕೊಳೆರಸ ಇಳಿಯಲು ಕೊಳವೆ.
ತುಂಬುವ ವರ್ಷ ಎರಡು ಸಾವಿರದ ನಲವತ್ತು.
ಆಗ ನನ್ನ ಮಗಳಿಗೆ ಇಪ್ಪತ್ತೇಳು.
ಸಭೆಯಲ್ಲಿ ಇದನ್ನು ಹೇಳುವುದಿಲ್ಲ, ಶೇಕಡಾವಾರು ಹೇಳುತ್ತೇನೆ.

ಶೇಕಡಾವಾರಿನಲ್ಲಿ ತಪ್ಪಿಸಿಕೊಂಡದ್ದು ಬೂದಿ.
ಗುಡ್ಡದ ತುಂಬ ಗೆರ್‌ಗಳು, ಉಣ್ಣೆ ಹೊದ್ದ ದುಂಡುಮನೆಗಳು;
ಮನೆಯ ನಟ್ಟನಡುವೆ ಒಲೆ, ಒಲೆಗೆ ಕಲ್ಲಿದ್ದಲು,
ಮೈನಸ್ ಮೂವತ್ತೈದರ ರಾತ್ರಿಗೆ ಎರಡು ಬಕೆಟ್ ಬೂದಿ.
ಜನವರಿಯ ಲಾರಿಯಲ್ಲಿ ಅರ್ಧ ಅದೇ.
ಬೂದಿ ಮುಚ್ಚಿದ ಕೆಂಡ ಎಂದು ಯಾರನ್ನೋ ಆಡಿಕೊಳ್ಳುತ್ತಾರಲ್ಲ,
ನಮ್ಮ ವೇಬ್ರಿಡ್ಜಿನ ಮೇಲೆ ಅದು
ಎಂಟು ಟನ್ ಇನ್ನೂರು ಕಿಲೋ ತೂಗಿತು. ರಸೀದಿ ಇದೆ.

ಮೂರನೇ ಗುಂಡಿ ಒಳಗೊಳಗೇ ಹತ್ತಿಕೊಂಡಿತು.
ಹೊಗೆ ಕಂಡದ್ದು ಐದನೇ ದಿನ.
ಕಂಪ್ಯಾಕ್ಟರ್ ಓಡಿಸುವ ಗೊಂಬೊ, ಮಾತು ಕಡಿಮೆ,
ಕ್ಯಾಬಿನ್ನಿನಿಂದ ಇಳಿದು ಬಂದು ಅಂದ:
"ಅಲ್ಲೊಂದು ಕಡೆ ಹಿಮ ನಿಲ್ಲುತ್ತಿಲ್ಲ."
ನೀರು ಹಾಯಿಸಿದೆವು, ಪೈಪಿನಲ್ಲೇ ಕಲ್ಲಾಯಿತು.
ಕೂಡಿಟ್ಟ ಮಣ್ಣಿಗೆ ಓಡಿದೆವು, ಅದೂ ಬಂಡೆ;
ಲೆಕ್ಕ ಸರಿಯಿತ್ತು, ಟಾರ್ಪಾಲು ಹರಿದಿತ್ತು.

ಆಗ ಬಾಯಿಬಿಟ್ಟವಳು ದುಲಮಾ.
ತಗಡು, ತಾಮ್ರ, ಮೂಳೆ ಆಯುವವಳು, ಎಪ್ಪತ್ತರ ಹತ್ತಿರ,
ನನ್ನ ಕಡತದಲ್ಲಿ 'ಅನಧಿಕೃತ ಪ್ರವೇಶ'.
"ಒಲೆಯ ಬೂದಿಯನ್ನು ಹೊಲಸಿನ ಜತೆ ಕಲಸುತ್ತೀರಿ," ಅಂದಳು,
"ಒಲೆಯ ತಾಯಿ ಉರಿಯದೆ ಇನ್ನೇನು ಮಾಡಿಯಾಳು?
ನಮ್ಮಜ್ಜಿ ಯಾರೂ ತುಳಿಯದ ಜಾಗ ನೋಡಿ ಸುರಿಯುತ್ತಿದ್ದಳು.
ಓದಿದವಳು ನೀನು. ಅದಕ್ಕೊಂದು ಅಂಗಳ ಕೊಡು."

ವರದಿಯಲ್ಲಿ ಒಲೆಯ ತಾಯಿಗೆ ಕಾಲಂ ಇಲ್ಲ.
'ಅಗ್ನಿಸುರಕ್ಷತೆ: ಪ್ರತ್ಯೇಕ ತಂಪು ಅಂಗಳ, ನಾಲ್ಕು ದಿನ'
ಎಂದು ಬರೆದು ರುಜು ಹಾಕಿದೆ.

ಈಗ ಬೂದಿಯ ಲಾರಿ ಗೇಟಿನಲ್ಲಿ ಎಡಕ್ಕೆ ತಿರುಗುತ್ತದೆ.
ಕೆಂಡ ತನ್ನ ಪಾಡಿಗೆ ಆರುತ್ತದೆ.
ಐದನೇ ದಿನ ಗೊಂಬೊ ಆ ತಣ್ಣನೆಯದನ್ನು ಬಾಚಿ
ಕಸದ ಮೇಲೆ ಹೊದಿಸುತ್ತಾನೆ,
ಇಡೀ ಚಳಿಗಾಲದಲ್ಲಿ ಹೆಪ್ಪುಗಟ್ಟದ ಮಣ್ಣು ಅದೊಂದೇ.
ಪಾಲಿಕೆಗೆ ಖುಷಿ. ಒಂದು ಪ್ರಶಸ್ತಿಪತ್ರವೂ ಬಂತು.

ದುಲಮಾ ಒಪ್ಪಲಿಲ್ಲ.
"ಎಡಗೈಲಿ ಕೊಟ್ಟು ಬಲಗೈಲಿ ಕಸಿದೆ," ಅಂದು
ಗೋಣಿ ಹೆಗಲಿಗೇರಿಸಿ ಹೋದಳು.
ಮರುದಿನ ಬಂದಳು, ತಗಡಿಗೆ.
ಮಾತಿಗಲ್ಲ.

ನಾಲ್ಕನೇ ಗುಂಡಿಯ ನಕ್ಷೆಯ ವಾಯವ್ಯ ಮೂಲೆಯಲ್ಲಿ
ಹತ್ತು ಮೀಟರು ಉದ್ದಗಲದ ಒಂದು ಚೌಕ ಬಿಟ್ಟಿದ್ದೇನೆ,
ಹೆಸರು ಬರೆದಿಲ್ಲ.
ಅಲ್ಲಿ ಸುರಿದ ಬೂದಿಯನ್ನು ಯಾರೂ ಎತ್ತುವುದಿಲ್ಲ.
ಅದರಿಂದಾಗಿ ಗುಂಡಿ ಮೂರು ದಿನ ಮೊದಲೇ ತುಂಬುತ್ತದೆ.
ಇದುವರೆಗೆ ಯಾರೂ ಕೇಳಿಲ್ಲ.